ಮಾಬೂಸಾಬರು ನಿಲ್ಲುತ್ತಿದ್ದ ಜಾಗ

ಬ್ರೇಕ್ ರಿಪೇರಿ ಮುಗಿಸಿದ ಮೇಲೆ ಮಾಬೂಸಾಬರು ಇಳಿಜಾರಿನ ಕೆಳಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಗಾಡಿಗೆ ಎದುರಾಗಿ ನಿಲ್ಲುತ್ತಿದ್ದರು. "ಬಿಡೋ ತಮ್ಮಾ, ನನ್ನ ಮ್ಯಾಲೆ ಬಿಡು!"

ಮೊದಲ ಸಲ, ಚಾಲಕನ ಸೀಟಿನಲ್ಲಿದ್ದ ನಾನು, "ಚಾಚಾ, ಹುಚ್ಚ ಹಿಡದೈತೇನ್ರಿ ನಿಮಗ?" ಎಂದು ಚೀರಿದೆ.

"ಇದರಾಗ ಮಂದಿ ಕುಂದ್ರತಾರ. ಮೊದಲ ನನಗ ಧೈರ್ಯ ಬ್ಯಾಡೇನು?"

ಗಾಡಿ ಅವರ ಮೊಣಕಾಲಿಗೆ ಗೇಣು ದೂರದಲ್ಲಿ ನಿಂತಿತು. ಅವರು ನಕ್ಕರು, ನಾನು ಬೆವತು ತೊಪ್ಪೆಯಾಗಿದ್ದೆ.

ನಾನು ಬ್ಯಾಡಗಿಯ ಹೊರಗಿನ ಒಂದು ಕಲ್ಯಾಣಮಂಟಪದ ಮ್ಯಾನೇಜರ್. ಗೇಟಿನಿಂದ ಮೇಲಕ್ಕೆ ಏರು. ವಯಸ್ಸಾದವರನ್ನು ಕೂರಿಸಿಕೊಂಡು ಹೋಗಲೆಂದು ಮಾಲೀಕರು ಎಲ್ಲಿಂದಲೋ ಹಳೆಯ ಗಾಲ್ಫ್ ಗಾಡಿ ತಂದಿದ್ದರು. ಓಡಿಸುವವನೂ ನಾನೇ. ಬ್ರೇಕ್ ಪೆಡಲ್ ಕೆಟ್ಟಾಗಲೆಲ್ಲ ಮೋಟೆಬೆನ್ನೂರಿನಿಂದ ಮೆಕ್ಯಾನಿಕ್ ಮಾಬೂಸಾಬರೇ ಬರಬೇಕು. ಚಪ್ಪಲಿ ಬಿಟ್ಟು, ಬರಿಯ ಬಲಗಾಲನ್ನು ಪೆಡಲ್ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. "ಎರಡ ಬೆರಳ ಸಡಲ ಇರಬೇಕ ನೋಡು. ಅದು ಬ್ರೇಕಿಗೆ ಉಸರಾಡೂ ಜಾಗ." ಕೇಬಲ್ಲಿನ ನಟ್ಟು ಹೊಂದಿಸಿ, ಜೇಬಿನಿಂದ ಕೆಂಪು ನೈಲ್ ಪಾಲಿಶ್ ತೆಗೆದು ಅದಕ್ಕೂ ಬೋಲ್ಟಿಗೂ ಅಡ್ಡಲಾಗಿ ಒಂದು ಗೆರೆ ಎಳೆಯುತ್ತಿದ್ದರು. ಯಾರಾದರೂ ನಟ್ಟು ತಿರುವಿದರೆ ಗೆರೆ ಮುರಿಯುತ್ತದೆ.

"ಯಾವ ಮದುಮಗಳದು ಕದ್ದೀರಿ?" ಎಂದು ಕಾಡಿದರೆ, "ನಿಮ್ಮ ಚಾಚೀದು. ಅಕಿ ಮುಂದ ಬಾಯಿ ಬಿಟ್ಟಿ ಅಂದ್ರ ನೋಡು!" ಎನ್ನುತ್ತಿದ್ದರು.

ಅದು ಮೆಣಸಿನಕಾಯಿ ಸುಗ್ಗಿ. ದೊಡ್ಡ ಮದುವೆ. ಬೆಳಿಗ್ಗೆ ಬ್ರೇಕ್ ಹೊಂದಿಸಿ, ಗೆರೆ ಎಳೆದು, "ಮಂದಿ ಹತ್ತಿ ಇಳಿದ ಮ್ಯಾಲೆ ಇನ್ನೊಮ್ಮಿ ನೋಡೂಣು" ಎಂದು ಅವರು ಚಹಾಕ್ಕೆ ಹೋದರು. ನನಗೋ ಪೆಡಲ್ ಸಡಿಲವೆನ್ನಿಸಿತು. ಗಟ್ಟಿ ಪೆಡಲ್ ಅಂದರೆ ಗಟ್ಟಿ ಬ್ರೇಕ್ ಎಂಬ ನನ್ನ ಶಹಾಣತನ! ಪಾನಾ ತಂದು ನಟ್ಟನ್ನು ನಾಲ್ಕು ಸುತ್ತು ಬಿಗಿ ಮಾಡಿದೆ.

ಬಿಗಿ ಮಾಡಿದರೆ ಒಳಗಿನ ಬ್ರೇಕ್ ಶೂ ಬಿಡುವಿಲ್ಲದೆ ಉಜ್ಜಿ, ಕಾದು, ಹಿಡಿತ ಕಳೆದುಕೊಳ್ಳುತ್ತದೆ. ಇಡೀ ಬೆಳಗು ಸುಟ್ಟ ವಾಸನೆ ಬರುತ್ತಲೇ ಇತ್ತು. ಬ್ಯಾಡಗಿಯವನು ನಾನು, ಘಾಟು ಮೂಗಿಗೆ ಬಡಿದರೆ ಮೆಣಸಿನಕಾಯಿ ಎಂದುಕೊಳ್ಳುವವನು. ಸೀನಿ, ಮೂಗು ಒರೆಸಿಕೊಂಡು, ಗಾಡಿ ಓಡಿಸಿದೆ.

ಊಟದ ಹೊತ್ತಿಗೆ ಮಾಬೂಸಾಬರು ಇನ್ನೊಮ್ಮೆ ನೋಡಲೆಂದು ಬಂದು, ಗೇಟಿನ ಕಂಬದ ಮುಂದೆ ನಿಂತರು. "ಬಿಡೋ ತಮ್ಮಾ!"

ಬಿಟ್ಟೆ. ಪೆಡಲ್ ಒತ್ತಿದೆ. ಕಲ್ಲಿನಂತೆ ಗಟ್ಟಿಯಿತ್ತು. ಗಾಡಿ ಮಾತ್ರ ನಿಲ್ಲಲಿಲ್ಲ. ಅಯ್ಯೋ ದೇವರೇ, ಆ ಸಪ್ಪಳ! ಗಾಡಿಗೂ ಕಂಬಕ್ಕೂ ನಡುವೆ ಅವರ ಬಲಗಾಲು ಸಿಕ್ಕಿತ್ತು.

ಗಾಡಿ ಹಿಂದಕ್ಕೆ ನೂಕಿದಾಗ ಅವರು ನೆಲಕ್ಕೆ ಕುಸಿದರು. ಮುಖ ಗಾಡಿಯ ಅಡಿಗೆ ಹೊರಳಿತು. ಮುರಿದ ಕೆಂಪು ಗೆರೆ ಅಲ್ಲಿತ್ತು. ಅವರು ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮಾಲೀಕರು ಓಡಿ ಬಂದು "ಏನಾತು, ಯಾರ ತಪ್ಪಿದು?" ಎಂದು ಕೂಗಾಡಿದರು.

"ನಂದರಿ. ನಟ್ಟು ಜಾಸ್ತಿ ತಿರುವಿದ್ನಿ" ಎಂದರು ಮಾಬೂಸಾಬರು.

ಹುಬ್ಬಳ್ಳಿಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರೆಂದು ಕೇಳಿದ ಮೇಲೂ ಹೇಡಿಯ ಹಾಗೆ ಸುಮ್ಮನಿದ್ದೆ. ಮೂರು ತಿಂಗಳು ಕಳೆದು ಅವರ ಮನೆಗೆ ಹೋಗಿ, ಹೊಸಿಲ ಮೇಲೆಯೇ ಅತ್ತುಬಿಟ್ಟೆ. "ನಾನ ತಿರುವಿದ್ದು, ಚಾಚಾ."

"ಗೊತ್ತೈತಿ. ಹೇಳಿದ್ರ ನಿನ್ನ ನೌಕರಿ ಹೋಗತಿತ್ತು. ನನ್ನ ಕಾಲ ತಿರುಗಿ ಬರ್ತಿತ್ತೇನು?" ದಿಂಬಿನಡಿಯಿಂದ ನೈಲ್ ಪಾಲಿಶ್ ಶೀಶೆ ತೆಗೆದು ನನ್ನ ಕೈಗಿಟ್ಟರು. "ಇನ್ ಮ್ಯಾಲೆ ಬ್ರೇಕ್ ನೀನ ಹೊಂದಸು. ಆಮ್ಯಾಲೆ ಮುಂದ ಹೋಗಿ ನಿಂದ್ರು."

ಅದೇ ಕೊನೆಯ ಭೇಟಿ. ಮಳೆಗಾಲಕ್ಕೆ ಮುಂಚೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ದಿನವೇ ಮಾಲೀಕರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು, "ಅಂವ ಉಳಿಸಿದ ನೌಕರಿ ನಾ ಹೆಂಗ ಕಸಗೊಳ್ಳಲಿ?" ಎಂದರು.

ನಿನ್ನೆ ಬ್ರೇಕ್ ಹೊಂದಿಸಿ, ಎರಡು ಬೆರಳ ಸಡಿಲು ಬಿಟ್ಟು, ಗೆರೆ ಎಳೆದೆ. ಮಾಲೀಕರನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಕೆಳಗೆ ಕಂಬದ ಮುಂದೆ ಹೋಗಿ ನಿಂತೆ.

"ಬಿಡ್ರಿ" ಎಂದೆ.