ಹಸಿರು ಬಂದರೆ ಕುಡಿಯಿರಿ

ಹಾಸನದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ನಾನು, ಎರಡು ವರ್ಷದ ಹಿಂದೆ ಒಂದು ನೀರಿನ ಬಾಟಲಿ ಮಾಡಿದೆ. ಮುಚ್ಚಳದೊಳಗೆ ಪುಟ್ಟ ಸೆನ್ಸರ್, ಮೇಲೊಂದು ದೀಪ. ನೀರು ಚೆನ್ನಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ನಿಜ ಹೇಳಬೇಕೆಂದರೆ, ಆ ಸೆನ್ಸರ್‌ಗೆ ಗೊತ್ತಾಗುತ್ತಿದ್ದದ್ದು ನೀರಿನಲ್ಲಿ ಕರಗಿದ ಉಪ್ಪಿನಂಶ ಎಷ್ಟು ಎಂಬುದಷ್ಟೇ. ರೋಗಾಣು ಅದರ ಕಣ್ಣಿಗೆ ಬೀಳುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಟಲಿಯ ಮೇಲೆ 'ಹಸಿರು ಬಂದರೆ ಕುಡಿಯಿರಿ' ಎಂದು ದಪ್ಪಕ್ಷರದ ಚೀಟಿ ಅಂಟಿಸಿದೆ. ಉದ್ದನೆಯ ವಿವರಣೆ ಯಾರು ಓದುತ್ತಾರೆ ಎಂಬ ಉಡಾಫೆ.

ಅದನ್ನು ಹಿಡಿದು ಹಳ್ಳಿಮೈಸೂರಿನ ಹತ್ತಿರವಿರುವ ದೊಡ್ಡಮ್ಮನ ಮನೆಗೆ ಹೋದೆ. ಅವರ ಹಿತ್ತಲಿನಲ್ಲಿ ಸೇದುವ ಬಾವಿ. ಯಾರೇ ಬರಲಿ, ಒಂದು ಚೂರು ಬೆಲ್ಲ, ಒಂದು ಚೊಂಬು ಬಾವಿ ನೀರು ಕೊಟ್ಟ ಮೇಲೆಯೇ ಮಾತು. ನನಗೂ ಕೊಟ್ಟರು. ನಾನು, ಮಹಾ ಪಂಡಿತೆ, ಬೆಲ್ಲ ಬಾಯಿಗೆ ಹಾಕಿಕೊಂಡು ನೀರನ್ನು ಬಾಟಲಿಗೆ ಸುರಿದೆ. ಕೆಂಪು ಹತ್ತಿತು. ಉಪ್ಪಿನಂಶ ಹೆಚ್ಚಿರುವ ಗಡಸು ನೀರು, ಬೇಳೆ ಬೇಯುವುದು ತಡ, ಅಷ್ಟೇ ಅದರ ದೋಷ. ಅದನ್ನಾದರೂ ಹೇಳಿದೆನೇ? ಇಲ್ಲ. ದೊಡ್ಡಮ್ಮನ ಸೊಸೆ, ಅಕ್ಕಪಕ್ಕದವರು ಸುತ್ತ ನಿಂತು ಬೆರಗಾಗಿ ನೋಡುತ್ತಿದ್ದರಲ್ಲ, ನಾನು ಉಬ್ಬಿಹೋಗಿದ್ದೆ. ಅದೇ ಉಬ್ಬಿನಲ್ಲಿ ಎಲ್ಲರನ್ನೂ ಕರೆದುಕೊಂಡು ಊರಾಚೆಯ ನಾಲೆಗೂ ಹೋಗಿ ಬಾಟಲಿ ಅದ್ದಿದೆ. ಎಮ್ಮೆ ಮೈ ತೊಳೆಯುವ ನಾಲೆ. ಆದರೆ ಉಪ್ಪಿನಂಶ ಕಡಿಮೆ, ಹಸಿರು ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ದೊಡ್ಡಮ್ಮ ಮಾತ್ರ, ಇಷ್ಟು ವರ್ಷ ಬಂದವರಿಗೆಲ್ಲ ಕೆಟ್ಟ ನೀರು ಕೊಟ್ಟೆನಲ್ಲ ಎಂದು ಮುಖ ಸಣ್ಣದು ಮಾಡಿಕೊಂಡು ಮನೆ ಕಡೆ ನಡೆದರು.

ಒಂದೆರಡು ತಿಂಗಳಲ್ಲಿ ಹಾಸನದ ಆಸ್ಪತ್ರೆಯಿಂದ ಅವರ ಸೊಸೆಯ ಫೋನು ಬಂತು. ದೊಡ್ಡಮ್ಮನಿಗೆ ಕಾಮಾಲೆ. ನಾನು ಬಂದುಹೋದ ಮಾರನೆಯ ದಿನವೇ ಬಾವಿಯ ಹಗ್ಗ ಬಿಚ್ಚಿಟ್ಟು, ನಾಲೆಯಿಂದ ಬಿಂದಿಗೆ ಹೊತ್ತು ತರತೊಡಗಿದ್ದರಂತೆ. ಮನೆಯವರೆಲ್ಲ ಬೀದಿ ನಲ್ಲಿಯ ನೀರು ಕುಡಿದರೂ ಇವರು ಒಪ್ಪಲಿಲ್ಲವಂತೆ. ಹಸಿರು ಬಂದದ್ದು ನಾಲೆಗೆ ತಾನೆ, ಓದಿದ ಮಗಳು ಸುಳ್ಳು ಹೇಳುತ್ತಾಳೆಯೇ ಎಂದು ವಾದ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದ್ದು ನಾನು, ಉಂಡದ್ದು ಅವರು.

ಓಡಿಹೋದೆ. ಅವರ ಕಣ್ಣೆಲ್ಲ ಅರಿಶಿನ. ಸೊಸೆ ಕಾಯಿಸಿ ಆರಿಸಿದ ನೀರಿನ ಲೋಟ ಹಿಡಿದು ಗೋಗರೆಯುತ್ತಿದ್ದಳು. ಅವರು ಬಾಯಿ ತೆರೆಯುತ್ತಿರಲಿಲ್ಲ. ನನ್ನನ್ನು ಕಂಡು ಕೈ ಚಾಚಿದರು.

"ಬಾಟ್ಲಿ ತಂದಿದ್ದೀಯೇನವ್ವ? ಹಸ್ರು ಬತ್ತದಾ ನೋಡು, ಆಮೇಕೆ ಕುಡೀತೀನಿ."

ನಾಚಿಕೆಯಿಂದ ಸತ್ತೇಹೋದೆ. ಆ ದೀಪಕ್ಕೆ ರೋಗ ಕಾಣುವುದಿಲ್ಲ, ನಿಮ್ಮ ಬಾವಿಯಲ್ಲಿ ಇದ್ದದ್ದು ಬರೀ ಉಪ್ಪಿನಂಶ, ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಎಂದು ತಲೆ ತಗ್ಗಿಸಿ ಒಪ್ಪಿಕೊಂಡೆ.

"ಗೊತ್ತಿದ್ಮೇಲೆ ಅವತ್ತೇ ಒಂದ್ ಮಾತು ಯೋಳ್ಬಾರ್ದಾಗಿತ್ತಾ?" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಲೋಟ ಇಸಕೊಂಡು ನಿಧಾನವಾಗಿ ಕುಡಿದರು.

ಗುಣವಾಗಿ ಮನೆಗೆ ಹೋದರು. ನಾನು ಚೀಟಿ ಕಿತ್ತೆ, ದೀಪವನ್ನೂ ತೆಗೆದೆ. ಈಗ ಬಾಟಲಿ ಉಪ್ಪಿನಂಶದ ಅಂಕಿ ತೋರಿಸಿ ಸುಮ್ಮನಾಗುತ್ತದೆ. ಮೊನ್ನೆ ಹೋದಾಗ ಬಾವಿಗೆ ಹಗ್ಗ ಮತ್ತೆ ಬಂದಿತ್ತು. ದೊಡ್ಡಮ್ಮ ಬೆಲ್ಲ ಕೊಟ್ಟು, ಕಾಯಿಸಿ ಆರಿಸಿದ ನೀರೇ ಎಂದು ಎರಡೆರಡು ಸಲ ಹೇಳಿ ಚೊಂಬು ಚಾಚಿದರು. ಒಂದೇ ಉಸಿರಿಗೆ ಕುಡಿದೆ. ಚೊಂಬು ಕೆಳಗಿಡುವವರೆಗೂ ಅವರು, ಬಾಟಲಿ ಎಲ್ಲಿ ಹೊರಗೆ ಬರುತ್ತದೋ ಎಂಬಂತೆ, ನನ್ನ ಕೈಚೀಲವನ್ನೇ ನೋಡುತ್ತಿದ್ದರು.