ದೀಪಾವಳಿಗೆ ಬರಬೇಕಿದ್ದ ಮರಳು

ಒಡೆದ ಕರಿಕಲ್ಲಿಗೆ ಒಂದು ವಾಸನೆ ಇದೆ. ಸಿಡಿಮದ್ದು, ಹಸಿ ಧೂಳು, ಕಾದ ಕಬ್ಬಿಣ ಎಲ್ಲ ಬೆರೆತಂಥದ್ದು. ಕಾರ್ಕಳದ ಕಡೆಯಿಂದ ಕಲ್ಲು ಹೇರಿಕೊಂಡ ಟಿಪ್ಪರ್ ಮಣಿಪಾಲದ ನಮ್ಮ ಶಾಲೆಯ ಮುಂದೆ ಏರು ಹತ್ತಿದಾಗಲೆಲ್ಲ ಆ ವಾಸನೆ ಕಿಟಕಿಯೊಳಗೆ ನುಗ್ಗುತ್ತದೆ. ನಾನು ಮಕ್ಕಳಿಗೆ ಭೂಗೋಳ ಹೇಳುತ್ತಿರುತ್ತೇನೆ. ಹವಾಮಾನ ಬದಲಾಗಲು ಪ್ರಕೃತಿಯ ಕಾರಣಗಳು ಒಂದು ಕಡೆ, ಮನುಷ್ಯ ಮಾಡಿದ್ದು ಇನ್ನೊಂದು ಕಡೆ. ಮಕ್ಕಳು ನಡುವೆ ಸ್ಕೇಲಿಟ್ಟು ನೀಟಾಗಿ ಗೆರೆ ಎಳೆಯುತ್ತಾರೆ. ಆ ಗೆರೆ ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಬಾಯಿ ಮುಚ್ಚಿಕೊಂಡಿರುತ್ತೇನೆ, ಪರೀಕ್ಷೆಗೆ ಹಾಗೆಯೇ ಬರೆಯಬೇಕು.

ನಮ್ಮ ಮನೆ ಕಾಪುವಿನ ಕಡಲ ಕರೆಯಲ್ಲಿತ್ತು. ಅಜ್ಜಿಯ ಮನೆ ಅದು. ನಮ್ಮಲ್ಲಿ ಮನೆ ಹೆಣ್ಣುಮಕ್ಕಳಿಗೆ ಹೋಗುವುದರಿಂದ ಅವಳ ನಂತರ ಅಮ್ಮನದು, ಆಮೇಲೆ ನನ್ನದು ಎಂದು ಹುಟ್ಟಿದಾಗಲೇ ಗೊತ್ತಾಗಿತ್ತು. ಬಾಗಿಲು, ಚಾಪೆ, ನನ್ನ ತಲೆಗೂದಲು ಎಲ್ಲಕ್ಕೂ ಒಣಮೀನಿನ ಮತ್ತು ಉಪ್ಪುಗಾಳಿಯ ವಾಸನೆ. ಆಟಿ ತಿಂಗಳ ಮಳೆಯಲ್ಲಿ ಸಮುದ್ರ ದಂಡೆಯ ಮರಳನ್ನೆಲ್ಲ ಬಾಚಿಕೊಂಡು ಅಂಗಳದ ಅಂಚಿಗೆ ಬಂದು ನಿಲ್ಲುತ್ತಿತ್ತು. ರಾತ್ರಿ ಮಲಗಿದರೆ ಅಲೆ ಬಡಿದದ್ದು ಬೆನ್ನಿಗೆ ತಾಗುತ್ತಿತ್ತು. ನಾವು ಹೆದರಿ ಅತ್ತರೆ ಅಜ್ಜಿ ಬಾಗಿಲಲ್ಲಿ ನಿಂತು ಸಮುದ್ರವನ್ನೇ ಬೈಯುತ್ತಿದ್ದಳು. "ತಿನ್ನು, ಹೊಟ್ಟೆಬಾಕ. ದೀಪಾವಳಿಗೆ ವಾಪಸು ತಂದು ಹಾಕದೆ ಎಲ್ಲಿಗೆ ಹೋಗ್ತಿ?" ಅದು ತಂದು ಹಾಕುತ್ತಿತ್ತು ಕೂಡ. ಮಳೆಗಾಲ ಮುಗಿದು ಅಲೆ ಸಣ್ಣದಾದ ಮೇಲೆ ದಿನಕ್ಕಿಷ್ಟರಂತೆ ಮರಳು ಏರಿ, ಹಬ್ಬದ ಹೊತ್ತಿಗೆ ದಂಡೆ ಮೊದಲಿನಷ್ಟೇ ಅಗಲವಾಗುತ್ತಿತ್ತು. ನಿಮಗೂ ಹಾಗೊಂದು ನೆಲ ಇದ್ದಿರಬಹುದು, ಕಳೆದುಹೋಗುವುದೇ ಇಲ್ಲವೆಂದು ನಂಬಿ ಕುಣಿದಂಥ ನೆಲ.

ವಾಮನ ಮಾವ ಅಜ್ಜಿಯ ಒಬ್ಬನೇ ಮಗ. ನಮ್ಮ ಪಕ್ಕದ ಹಿತ್ತಲಲ್ಲೇ ಹೆಂಡತಿ ಸುಮತಿ ಅತ್ತೆಯ ಮನೆಯಲ್ಲಿ ಇದ್ದ. ಅವನ ಟಿಪ್ಪರುಗಳು ಕಾರ್ಕಳದ ಗುಡ್ಡ ಒಡೆದ ಕಲ್ಲನ್ನು ಕಡಲಿಗೆ ತರುತ್ತಿದ್ದವು. ಕಲ್ಲಿನ ಕೆಲಸ ಇಲ್ಲದ ದಿನ ಅವೇ ಟಿಪ್ಪರುಗಳು ಹೊಳೆಯ ಮರಳು ಹೊರುತ್ತಿದ್ದವು. ಹೊಳೆ ಕೊಟ್ಟರೆ ತಾನೇ ಸಮುದ್ರದ ಬಳಿ ಮರಳು ಇರುವುದು ಎಂದು ಆಗ ನಮಗಾರಿಗೂ ಹೊಳೆಯಲಿಲ್ಲ. ಒಂದು ವರ್ಷ, ಸಮುದ್ರ ಕೊರೆಯದಂತೆ ದಂಡೆಗೆ ಕಲ್ಲಿನ ತಡೆಗೋಡೆ ಹಾಕುವ ಕೆಲಸ ಮಾವನಿಗೇ ಸಿಕ್ಕಿತು. ಗೋಡೆ ದಕ್ಷಿಣದಿಂದ ಬಂದು ಅತ್ತೆಯ ಮನೆ ದಾಟಿ ನಮ್ಮ ಬೇಲಿಯ ಹತ್ತಿರ ನಿಂತುಬಿಟ್ಟಿತು. ಅಮ್ಮ ಜಗಳಕ್ಕೆ ಹೋದಳು. ಕಲ್ಲು ಮುಗಿಯಿತು, ಮುಂದಿನ ವರ್ಷ ಖಂಡಿತ ಎಂದ ಮಾವ. ಅಜ್ಜಿ ಮಗನ ಪರ ನಿಂತಳು. ಅವನು ಕೊಟ್ಟ ಮಾತು ತಪ್ಪುವವನಲ್ಲ, ಸಮುದ್ರವೂ ಅಷ್ಟೇ ಎಂದು ಅಮ್ಮನ ಬಾಯಿ ಮುಚ್ಚಿಸಿದಳು.

ಆ ವರ್ಷದ ಬೇಸಗೆಯಲ್ಲಿಯೇ, ಆ ಹೊತ್ತಿಗೆ ಹಿಂದೆಂದೂ ಬಂದಿರದ ಒಂದು ಚಂಡಮಾರುತ ಎದ್ದಿತು. ಸಮುದ್ರ ಬಿಸಿಯಾದರೆ ಹಾಗಾಗುತ್ತದೆ ಎಂದು ಈಗ ನಾನೇ ಪಾಠ ಮಾಡುತ್ತೇನೆ. ಹಾಗಾಗಿ ಮಳೆಗಾಲಕ್ಕೆ ಮೊದಲೇ ದಂಡೆ ಸವೆದಿತ್ತು. ಆಟಿಯಲ್ಲಿ ಕಲ್ಲಿಗೆ ಬಡಿದ ಅಲೆಗಳೆಲ್ಲ ಗೋಡೆ ಮುಗಿದಲ್ಲಿಂದ ತಿರುಗಿ ನಮ್ಮ ಕಡೆ ಬಂದವು. ತೆಂಗಿನ ಮರಗಳು ಬೇರು ಮೇಲಾಗಿ ಒರಗಿದವು. ಒಂದು ಬೆಳಿಗ್ಗೆ ಅಡುಗೆಮನೆ ಹೋಯಿತು, ಮಧ್ಯಾಹ್ನದೊಳಗೆ ನಡುಮನೆ. ಊರವರು ಕೊಡೆ ಹಿಡಿದು ನಿಂತು ನೋಡಿದರು. ಗೋಡೆಯ ಹಿಂದೆ ಅತ್ತೆಯ ಅಂಗಳದಲ್ಲಿ ತುಳಸಿಯ ಎಲೆ ಕೂಡ ಉದುರಲಿಲ್ಲ. ನಾವು ಆ ಮನೆಗೇ ಹೋಗಿ ಸೇರಿದೆವು, ಅತ್ತೆ ಬಡಿಸಿದ್ದನ್ನು ಉಂಡೆವು. ಮಾವನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅವನು ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು, ಆದರೆ ಅವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು.

ಅಜ್ಜಿ ದೀಪಾವಳಿಯವರೆಗೆ ದಿನಾ ಬೆಳಿಗ್ಗೆ ಹೋಗಿ ನೋಡಿಬಂದಳು. ಮರಳು ಬರಲಿಲ್ಲ. ಹಬ್ಬ ಕಳೆದ ಮೇಲೂ ಹೋದಳು. ನೀರು ಮನೆಯಿದ್ದ ಜಾಗದಲ್ಲೇ ಉಳಿಯಿತು. ಅವಳು ಸಮುದ್ರವನ್ನು ಬೈಯುವುದನ್ನು ನಿಲ್ಲಿಸಿದ್ದು ಆಗ, ಅದನ್ನು ಕಂಡು ನನಗೆ ಮನೆ ಬಿದ್ದದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಮರು ಬೇಸಗೆಯಲ್ಲಿ ಮಾವ ಮಾತು ಉಳಿಸಿಕೊಂಡ. ಟಿಪ್ಪರುಗಳು ಸಾಲಾಗಿ ಬಂದು ನಮ್ಮ ಹಿತ್ತಲಿನ ಉದ್ದಕ್ಕೂ, ನೀರೊಳಗೇ, ಕಲ್ಲು ಸುರಿದವು. ಇಡೀ ಕೇರಿ ಆ ವಾಸನೆಯಿಂದ ತುಂಬಿತು. ಸಂಜೆ ಅವನು ಮೈಯೆಲ್ಲ ಧೂಳಾಗಿ ಬಂದು ಜಗಲಿಯಲ್ಲಿ ಅಜ್ಜಿಯ ಕಾಲ ಬಳಿ ಕುಳಿತ.

"ನಮ್ಮ ಜಾಗಕ್ಕೂ ಕಲ್ಲು ಬಿತ್ತು ಅಮ್ಮ. ಇನ್ನು ಹೆದರಿಕೆ ಇಲ್ಲ."

ಅಜ್ಜಿ ಮೀನಿನ ಬುಟ್ಟಿ ಬದಿಗೆ ಸರಿಸಿ ಅವನ ತಲೆಯ ಧೂಳನ್ನು ಸೆರಗಿನಿಂದ ಒರೆಸಿದಳು.

"ಯಾರ ಮನೆಗೆ ಮಗ?" ಎಂದು ಕೇಳಿದಳು.

ಆಮೇಲೆಯೂ ಅಜ್ಜಿ ಬಹಳ ವರ್ಷ ಬದುಕಿದಳು. ಅವನು ತಂದ ಮೀನನ್ನೇ ತಿಂದಳು, ಅವನ ಮಕ್ಕಳನ್ನು ಎತ್ತಿ ಆಡಿಸಿದಳು. ಸಮುದ್ರಕ್ಕೆ ಮುಖ ಮಾಡಿ ಮಾತ್ರ ಒಂದು ದಿನವೂ ಕೂರಲಿಲ್ಲ.