ದೊಡ್ಡವ್ವನ ಎಡಹೆಗಲು

ನಮ್ಮ ದೊಡ್ಡವ್ವನ ಬಲಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಹುಬ್ಬಿರಬೇಕಾದಲ್ಲಿ ಸುಟ್ಟು ನುಣ್ಣಗಾದ ಚರ್ಮ, ಕೆಳಗೆ ಕೆನ್ನೆಯುದ್ದಕ್ಕೂ ಸಾಸಿವೆ ಸಿಡಿದಂತೆ ಕಪ್ಪು ಚುಕ್ಕೆಗಳು. ಆ ಕಣ್ಣಿಗೆ ಬರಿ ಬೆಳಕಷ್ಟೇ ತಿಳಿಯುತ್ತಿತ್ತು. ನಮ್ಮೂರು ಗೂಗಲ್ಲಿನ ಹೆಂಗಸರು ಸಿಡುಬು ಅನ್ನುತ್ತಿದ್ದರು. ಸಿಡುಬಂತೆ, ಸಿಡುಬು! ಅದು ಬಂದೂಕಿನ ಮದ್ದು ಸುಟ್ಟದ್ದೆಂದು ಊರಿಗೆಲ್ಲ ಗೊತ್ತಿತ್ತು. ಹೆಂಗಸೊಬ್ಬಳು ಹಂದಿ ಹೊಡೆದು ಬೆಳೆ ಉಳಿಸುತ್ತಾಳೆ ಅಂತ ಹೇಳಲು ಯಾರಿಗೂ ನಾಲಿಗೆ ಏಳುತ್ತಿರಲಿಲ್ಲ, ಅಷ್ಟೇ.

ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳು ಅವು. ದೊಡ್ಡಪ್ಪ ತೀರಿಹೋಗಿದ್ದ. ಮಕ್ಕಳಿಲ್ಲದ ದೊಡ್ಡವ್ವನಿಗೆ ಉಳಿದದ್ದು ಕೃಷ್ಣೆಯ ದಂಡೆಯ ಒಂದು ಹೊಲ, ನಳಿಗೆಯ ಬಾಯಿಂದ ಮದ್ದು ತುಂಬುವ ಒಂದು ಹಳೇ ಬಂದೂಕು. ಹೊಳೆಯಂಚಿನ ಜಾಲಿಯಿಂದ ಹಂದಿಗಳು ಹಿಂಡುಗಟ್ಟಿ ಬರುತ್ತಿದ್ದವು. ಬಂದೂಕಿಲ್ಲದವರಿಗೆ ಅಲ್ಲಿ ಒಂದು ಜೋಳದ ತೆನೆಯೂ ದಕ್ಕುತ್ತಿರಲಿಲ್ಲ. ನಾನು ಅವಳ ಮೈದುನನ ಮಗ, ಅವಳ ಮನೆಯಲ್ಲೇ ಉಂಡು ಬೆಳೆದವನು.

ಬಂದೂಕಿನ ಪರವಾನಗಿ ಸತ್ತ ಗಂಡನ ಹೆಸರಿನಲ್ಲಿತ್ತು. ಹೊಸ ಹೆಸರು ಗಂಡಸಿನದೇ ಆಗಬೇಕು, ಅದೂ ಗುರಿ ಇದ್ದವನದು ಅಂತ ಊರಗೌಡ ಹೇಳಿದ. ನನ್ನ ಚಿಕ್ಕಪ್ಪ ಇದಕ್ಕೇ ಕಾದು ಕೂತಿದ್ದ.

"ನನ್ನ ಹೆಸರಿಗೆ ಹಚ್ರಿ. ಬಂದೂಕು ಯಾರ ಕೈಯಾಗ ಇರ್ತದೋ ಹೊಲಾನೂ ಅವರೇ ಮಾಡ್ಲಿ. ಅತ್ತಿಗಿಗೆ ಹೊಟ್ಟಿಗೆ ಜ್ವಾಳ ಹಾಕ್ತೀನಿ," ಅಂದ. ಏನು ಔದಾರ್ಯ ಅವನದು!

ದೊಡ್ಡವ್ವ ನನ್ನ ರಟ್ಟೆ ಹಿಡಿದು ಮುಂದೆ ತಳ್ಳಿದಳು. "ಇಂವ ಹೊಡೀತಾನ್ರಿ. ಸುಗ್ಗಿ ಮುಂದ ನೋಡ್ರಿ." ಗೌಡ ಒಪ್ಪಿದ. ಹೊಳೆದಂಡೆಯಲ್ಲಿ ಗಡಿಗೆ ಇಡುವುದು, ನಾನು ಒಡೆದರೆ ಬಂದೂಕೂ ಹೊಲವೂ ದೊಡ್ಡವ್ವನಲ್ಲೇ, ತಪ್ಪಿದರೆ ಎರಡೂ ಚಿಕ್ಕಪ್ಪನಿಗೆ.

ನನಗೆ ಮೀಸೆ ಮೂಡುತ್ತಿತ್ತೇ ಹೊರತು ಗುರಿ ಇರಲಿಲ್ಲ. ಹಿಂದೊಮ್ಮೆ ಚಿಕ್ಕಪ್ಪನೇ ಕಲಿಸಿದ್ದ. ಅವನು ಕಲಿಸುವುದೆಂದರೆ ತಲೆಗೆ ಮೊಟಕುವುದು. "ಎಡಗಣ್ಣು ಮುಚ್ಚಲೇ!" ಅದೊಂದನ್ನೇ ಮುಚ್ಚಲು ನನಗೆ ಬರುತ್ತಿರಲಿಲ್ಲ. ಅದಕ್ಕೆ ಬಟ್ಟೆ ಬಿಗಿದ, ಬಲಗಣ್ಣಿಗೆ ನಳಿಗೆಯ ತುದಿಯ ಮಣಿ ಮಂಜುಮಂಜಾಯಿತು. ಎರಡೂ ತೆರೆದು ಹೊಡೆದರೆ ಗುಂಡು ಎಡಕ್ಕೆ ಹೋಗಿ ಮಣ್ಣು ಸೇರುತ್ತಿತ್ತು. ಗುರಿಗೇಡಿ ಅಂತ ಹೆಸರಿಟ್ಟ. ಊರೂ ಹಾಗೇ ಕರೆಯಿತು, ಊರಿಗೇನು ಕೆಲಸ!

ದೊಡ್ಡವ್ವ ಮೊದಲು ಬಂದೂಕು ಮುಟ್ಟಿಸಲೇ ಇಲ್ಲ. ಎದುರಿಗೆ ಕೂತು, "ಎರಡೂ ಅಂಗೈ ಜೋಡಸು, ನಡುವ ಸಣ್ಣ ಸಂದಿ ಬಿಡು. ಅದರಾಗಿಂದ ನನ್ನ ಮೂಗು ನೋಡು," ಅಂದಳು. ನೋಡಿದೆ. ಅವಳು ಪಕ್ಕನೆ ನಕ್ಕಳು.

"ಸಂದ್ಯಾಗ ನಿನ್ನ ಎಡಗಣ್ಣು ಕಾಣಾಕತ್ತದೋ ಮೂಳಾ! ನೀ ಉಣ್ಣೋದು ಬಲಗೈಲೆ, ನೋಡೋದು ಎಡಗಣ್ಣಿಲೆ. ನಾನೂ ಹಂಗ ಇದ್ದೀನಿ. ಕಣ್ಣು ಇದ್ದ ಕಡಿಗೆ ಬಂದೂಕು ಹೋಗಬೇಕು, ತಿಳೀತಿಲ್ಲೋ?"

ಬಂದೂಕನ್ನು ನನ್ನ ಎಡಹೆಗಲಿಗೆ ಒತ್ತಿ ಕೂರಿಸಿದಳು. ಮದ್ದಿಲ್ಲದ ನಳಿಗೆಯನ್ನು ಹಾರುವ ಕೊಕ್ಕರೆಯ ಬೆನ್ನಿಗೆ ಓಡಿಸಬೇಕಿತ್ತು. ತಡವಾದರೆ ಬೈಗುಳ ಸಿದ್ಧ. "ಕೊಕ್ಕರಿ ದೇವದುರ್ಗ ಮುಟ್ಟಿತಲೇ, ನೀ ಇನ್ನೂ ಇಲ್ಲೇ ಅದಿ!"

ಒಂದು ತೊಡಕಿತ್ತು. ಮದ್ದಿಗೆ ಕಿಡಿ ಹೊತ್ತಿಸುವ ಕುದುರೆ ಆ ಬಂದೂಕಿನ ಬಲಬದಿಗಿತ್ತು. ಎಡಹೆಗಲಿಗೆ ಇಟ್ಟವರ ಮುಖ ಅದರ ಪಕ್ಕಕ್ಕೇ ಬರುತ್ತದೆ. ಕಿಡಿ ಹಾರುವುದು ನೇರ ಬಲಗಣ್ಣಿಗೆ. ಅವಳ ಕಣ್ಣು ಹೋದದ್ದು ಹಾಗೆ. ಅದಕ್ಕೇ ನನಗೆ ಮದ್ದು ಕೊಡುವ ಮೊದಲು ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ ಕುದುರೆಗೂ ನನ್ನ ಮುಖಕ್ಕೂ ನಡುವೆ ಮರೆಯಾಗಿ ಕಟ್ಟಿದಳು. ಆಮೇಲೆ ನಾನು ತಪ್ಪಿದ ಗಡಿಗೆ ಕಡಿಮೆ.

ಆ ದಿನ ಊರೆಲ್ಲ ಹೊಳೆದಂಡೆಗೆ ಬಂದಿತ್ತು. ಚಿಕ್ಕಪ್ಪನ ಕಣ್ಣು ಅಟ್ಟೆಯ ಮೇಲೆ ಬಿತ್ತು. "ದಸರಾಕ್ಕ ಪೂಜಿ ಮಾಡೋ ಬಂದೂಕಿಗೆ ಚಪ್ಪಲಿ ಕಟ್ಟೀಯೇನಬೇ?" ಅಂತ ಕೂಗಿ, ಚಾಕುವಿನಿಂದ ಕೊಯ್ದು ಹೊಳೆಗೆಸೆದ. ಯಾಕೆ ಕಟ್ಟಿದ್ದೆಂದು ಅವನಿಗೆ ಗೊತ್ತಿತ್ತು, ಹರಾಮಖೋರನಿಗೆ. ಹಿರಿಯರು ತಲೆಯಾಡಿಸಿದರು. ನನ್ನ ಅಪ್ಪ? ಅಪ್ಪ ಮೀಸೆ ತೀಡುತ್ತ ಹೊಳೆ ನೋಡುತ್ತಿದ್ದ.

ನಾನು ಹಟಕ್ಕೆ ಬಿದ್ದು ಎಡಹೆಗಲಿಗೇ ಇಟ್ಟೆ. ಗಡಿಗೆ ಮಣಿಯ ಮೇಲೆ ಕೂತಿತ್ತು. ದೊಡ್ಡವ್ವ ಬಂದೂಕಿಗೆ ಕೈ ಹಾಕಿದಳು.

"ಇಳಸು."

"ಹೊಡೀತೀನಿ ದೊಡ್ಡವ್ವಾ, ಬಿಡಬೇ!"

"ಕಣ್ಣು ಹೋಗತದ. ಇಳಸಂದ್ರ ಇಳಸಲೇ! ನಂದಂತೂ ಹೋಗ್ಯದ, ತಾ ಇಲ್ಲಿ."

ಕಸಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಹೆಗಲಿಗಿಟ್ಟು ಹೊಡೆದಳು. ಗಡಿಗೆ ಚೂರುಚೂರಾಯಿತು. ಗೌಡ ಚೂರುಗಳತ್ತ ನೋಡಿ, "ಹುಡುಗ ಹೊಡೀಲಿಲ್ಲಲ್ಲವಾ. ಹೆಣ್ಮಗಳು ಹೊಡದದ್ದು ಲೆಕ್ಕಕ್ಕ ಬರಂಗಿಲ್ಲ," ಅಂದ. ಇನ್ನೂ ಹೊಗೆಯಾಡುತ್ತಿದ್ದ ಬಂದೂಕನ್ನು ಚಿಕ್ಕಪ್ಪ ಅವಳ ಕೈಯಿಂದಲೇ ತೆಗೆದುಕೊಂಡು ಹೋದ. ಇಷ್ಟು ವರ್ಷವಾಯಿತು, ನೆನೆದರೆ ಇಂದಿಗೂ ನನ್ನ ರಕ್ತ ಕುದಿಯುತ್ತದೆ.

ಆ ಬಂದೂಕಿನಿಂದ ಚಿಕ್ಕಪ್ಪ ಒಂದು ಹಂದಿಯನ್ನೂ ಹೊಡೆಯಲಿಲ್ಲ. ದೊಡ್ಡವ್ವ ತನ್ನ ಹೊಲದಲ್ಲೇ ಕೂಲಿಯಾಗಿ ಕಳೆ ಕಿತ್ತಳು. ನನಗೆ ಅವಳ ಮೇಲೂ ಸಿಟ್ಟು. ಒಂದು ಕಣ್ಣಿಗಾಗಿ ಹೊಲ ಯಾಕೆ ಬಿಟ್ಟೆ ಅಂತ ಜಗಳಾಡಿದರೆ, "ಸುಮ್ನಿರಲೇ. ಒಂದು ಕಣ್ಣಿನ ಬಾಳೇವು ನಾ ಮಾಡೀನಿ, ನಿನಗೇನು ಗೊತ್ತು?" ಅಂತ ಗದರಿ ಮತ್ತೆ ಕಳೆ ತೆಗೆಯುವ ಕುರ್ಚಿಗಿ ಹಿಡಿಯುತ್ತಿದ್ದಳು.

ಕೆಲವು ವರ್ಷಕ್ಕೆ ಚಳಿಜ್ವರದಲ್ಲಿ ತೀರಿಕೊಂಡಳು. ನಮ್ಮಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಹೂಳುತ್ತಾರೆ. ದೊಡ್ಡಪ್ಪನೂ ಆ ಹೊಲದ ಬದುವಿನಂಚಿಗೇ ಇದ್ದಾನೆ. ಚಿಕ್ಕಪ್ಪ, "ತೆನಿ ಹಾಲು ತುಂಬ್ಯಾವ. ಹೊಲದಾಗ ಬ್ಯಾಡ, ಊರ ಸುಡುಗಾಡಿಗೆ ಒಯ್ಯಿರಿ," ಅಂದ.

ನಾನು ಗುದ್ದಲಿ ಹೊತ್ತು ನಡೆದೆ. ಬದುವಿಗಲ್ಲ, ಬೇಕೆಂದೇ ನಡುಹೊಲಕ್ಕೆ. ಹಾಲುತೆನೆಯ ಜೋಳ ಬುಡಸಹಿತ ಕಿತ್ತೊಗೆದು ಕುಣಿ ತೋಡಿದೆ. ಚಿಕ್ಕಪ್ಪ ಓಡಿ ಬಂದ. "ಬಾ. ಇನ್ನೊಂದು ತೋಡೋದು ನನಗ ಭಾರಲ್ಲ," ಅಂದೆ. ಅವನು ಅಲ್ಲೇ ನಿಂತ.

ಮುಂದೆ ಅವನು ಬದುಕಿದ್ದಷ್ಟು ಕಾಲ ಪ್ರತಿ ಬಿತ್ತನೆಗೂ ಅವನ ಎತ್ತುಗಳು ನಡುಹೊಲಕ್ಕೆ ಬಂದು, ಅವಳನ್ನು ಸುತ್ತು ಹಾಕಿಕೊಂಡೇ ಮುಂದೆ ಹೋಗಬೇಕಾಯಿತು. ನಾನು ಬದುವಿನ ಮೇಲೆ ನಿಂತು ಎರಡೂ ಕಣ್ಣಿಂದ ನೋಡುತ್ತಿದ್ದೆ.